ಇಟ್ಟಿಗೆ ಕಟ್ಟಿದ ಕೈ, ಹುಟ್ಟು ಹಿಡಿದ ಕೈ



ಅಫಜಲಪುರ ಮತ್ತು ಜೇವರ್ಗಿಯ ಜನರಿಗೆ ಭೀಮಾ ನದಿಯ ವಿಷಯ ಹೇಳಿಕೊಡಬೇಕಾಗಿಲ್ಲ. ಆಳಂದದವರಿಗೆ ಅಮರ್ಜಾ ಹೊಳೆ ಗೊತ್ತು. ಅದು ಗಾಣಗಾಪುರದ ಬಳಿ ಭೀಮೆಯನ್ನು ಕೂಡುವುದೂ ಗೊತ್ತು. ಸೇತುವೆಗಳು ಆಗುವುದಕ್ಕೆ ಮುಂಚೆ ಈ ಹೊಳೆಗಳನ್ನು ದಾಟಬೇಕಾದರೆ ಅಂಬಿಗನೇ ಗತಿಯಾಗಿದ್ದ. ಅವನ ಕೈಯಲ್ಲಿದ್ದ ಹುಟ್ಟು ನಮ್ಮ ಹಿರಿಯರ ಕಣ್ಣಿಗೆ ಹೊಟ್ಟೆಪಾಡಿನ ಸಾಧನ. ಅದು ಆಟದ ವಸ್ತು ಎಂದು ಯಾರೂ ಭಾವಿಸಿರಲಿಲ್ಲ. ಆದರೆ ಲೋಕದ ಬೇರೆ ಕಡೆಗಳಲ್ಲಿ ದೋಣಿ ನಡೆಸುವುದು ದೊಡ್ಡ ಸ್ಪರ್ಧೆ. ಅದಕ್ಕೆ ಒಲಿಂಪಿಕ್ ಕ್ರೀಡಾಕೂಟದಲ್ಲಿ ಚಿನ್ನದ ಪದಕವೂ ಉಂಟು. ಆ ಸ್ಪರ್ಧೆಯಲ್ಲಿ ಮೂರು ಸಲ ಚಿನ್ನ ಗೆದ್ದ ಮೊದಲನೆಯ ಮನುಷ್ಯ ಒಬ್ಬ ಗೌಂಡಿ ಎಂದರೆ ನಂಬುವಿರಾ? ಆತನ ಹೆಸರು ಜಾನ್ ಬ್ರೆಂಡನ್ ಕೆಲ್ಲಿ. ಜನ ಕರೆಯುತ್ತಿದ್ದುದು ಜಾಕ್ ಕೆಲ್ಲಿ ಎಂದು.

ನಮ್ಮ ಈ ಮೂರು ತಾಲೂಕುಗಳ ಎಷ್ಟೋ ಮನೆಗಳಿಂದ ಗಂಡಸರೂ ಹೆಂಗಸರೂ ಕಟ್ಟಡದ ಕೆಲಸ ಹುಡುಕಿಕೊಂಡು ಪುಣೆ, ಮುಂಬಯಿ, ಹೈದರಾಬಾದು, ಬೆಂಗಳೂರುಗಳಿಗೆ ಹೋಗುತ್ತಾರೆ. ಅಲ್ಲಿ ಅವರು ಕಟ್ಟಿದ ಮನೆಯ ಒಳಗೆ ಅವರಿಗೇ ಕಾಲಿಡಲು ಬಿಡದ ದಿನಗಳೂ ಬರುತ್ತವೆ. ಆದ್ದರಿಂದ ಈ ದೂರದ ಗೌಂಡಿಯ ಕಥೆ ನಮಗೆ ಅಷ್ಟೇನೂ ದೂರದ್ದಲ್ಲ.

ವಲಸೆ ಬಂದವರ ಮನೆ

ಜಾಕ್ ಕೆಲ್ಲಿ ಹುಟ್ಟಿದ್ದು 1889ರ ಅಕ್ಟೋಬರ್ 4ರಂದು, ಅಮೆರಿಕದ ಫಿಲಡೆಲ್ಫಿಯಾ ಪಟ್ಟಣದ ಈಸ್ಟ್ ಫಾಲ್ಸ್ ಎಂಬ ಭಾಗದಲ್ಲಿ. ತಂದೆ ಐರ್ಲೆಂಡಿನ ಮೇಯೋ ಸೀಮೆಯಿಂದ ಬಂದವರು. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಭೀಕರ ಬರಗಾಲ ಬಿದ್ದಿತು. ಆ ಮೇಲೆ ಹಲವು ದಶಕಗಳವರೆಗೆ ಜನರು ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಲೇ ಇದ್ದರು. ಕೈಯಲ್ಲಿ ಕಾಸಿಲ್ಲ, ಬೆನ್ನಿಗೆ ಯಾರೂ ಇಲ್ಲ. ಅವರು ಹೊತ್ತು ತಂದದ್ದು ದುಡಿಯುವ ಶಕ್ತಿ ಮತ್ತು ಕಥೋಲಿಕ ವಿಶ್ವಾಸ, ಎರಡನ್ನೇ. ಈ ಎರಡಕ್ಕೂ ಅಲ್ಲಿನ ಸಿರಿವಂತ ಸಮಾಜದಲ್ಲಿ ಹೆಚ್ಚಿನ ಮರ್ಯಾದೆ ಇರಲಿಲ್ಲ.

ಕೆಲ್ಲಿ ದಂಪತಿಗಳಿಗೆ ಹತ್ತು ಮಂದಿ ಮಕ್ಕಳು. ಈಸ್ಟ್ ಫಾಲ್ಸಿನ ಬದುಕೆಲ್ಲ ಆಗ ಒಂದು ದೊಡ್ಡ ನೇಯ್ಗೆ ಗಿರಣಿಯ ಸುತ್ತ ತಿರುಗುತ್ತಿತ್ತು. ಕಲಬುರ್ಗಿಯಲ್ಲಿ ಎಂ.ಎಸ್.ಕೆ. ಮಿಲ್ಲಿನ ಭೋಂಗಾ ಕೂಗಿದ ಕಾಲವನ್ನು ಕಂಡ ಹಿರಿಯರಿಗೆ ಆ ಬದುಕು ಅರ್ಥವಾದೀತು. ಕೆಲ್ಲಿಯ ಮನೆಯ ಮಕ್ಕಳೂ ಎಳೆಯ ವಯಸ್ಸಿನಲ್ಲೇ ದುಡಿಮೆಗೆ ಇಳಿದರು. ಆದರೂ ಆ ಮನೆಯಲ್ಲಿ ಪ್ರತಿಭೆಗೆ ಬರವಿರಲಿಲ್ಲ. ಅಣ್ಣಂದಿರಲ್ಲಿ ಪ್ಯಾಟ್ರಿಕ್ ಕಟ್ಟಡದ ಗುತ್ತಿಗೆದಾರನಾದ. ವಾಲ್ಟರ್ ರಂಗದ ಮೇಲೆ ಹೆಸರಾದ ನಗೆಗಾರನಾದ. ಜಾರ್ಜ್ ನಾಟಕಕಾರನಾಗಿ 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ. ಜಾಕ್ ಮಾತ್ರ ಹದಿಹರೆಯದಲ್ಲೇ ಕರಣೆ ಹಿಡಿದು, ಅಣ್ಣನ ಕೈಕೆಳಗೆ ಗೌಂಡಿ ಕೆಲಸ ಕಲಿತ.

ಹಗಲು ಗೋಡೆ, ಸಂಜೆ ಹೊಳೆ

ಈಸ್ಟ್ ಫಾಲ್ಸಿನ ಪಕ್ಕದಲ್ಲೇ ಸ್ಕೂಕಿಲ್ ಎಂಬ ನದಿ ಹರಿಯುತ್ತದೆ. ಅದರ ದಡದಲ್ಲಿ ದೋಣಿ ಸಂಘಗಳ ಮನೆಗಳು ಸಾಲಾಗಿ ನಿಂತಿವೆ. ದಿನವೆಲ್ಲ ಗಾರೆ ಕಲಸಿ, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು, ಗೋಡೆ ನೆಟ್ಟಗಿದೆಯೇ ಎಂದು ತೂಗುಗುಂಡು ಹಿಡಿದು ನೋಡಿದ ಯುವಕ ಸಂಜೆ ಆ ನದಿಗೆ ಇಳಿಯುತ್ತಿದ್ದ. ಕೊನೆಗೆ ಅವನು ಸೇರಿದ್ದು ವೆಸ್ಪರ್ ಬೋಟ್ ಕ್ಲಬ್ ಎಂಬ ಸಂಘವನ್ನು.

ಈ ಸ್ಪರ್ಧೆ ಹೇಗಿರುತ್ತದೆ ಎಂದು ಸ್ವಲ್ಪ ತಿಳಿಯೋಣ. ಕೆಲ್ಲಿಯದು ಒಬ್ಬನೇ ಕುಳಿತು ಎರಡು ಕೈಗಳಲ್ಲಿ ಎರಡು ಹುಟ್ಟು ಹಿಡಿದು ನಡೆಸುವ ದೋಣಿ. ಅದು ನಮ್ಮ ಹರಗೋಲಿನಂತೆ ಗುಂಡಗಿರುವುದಿಲ್ಲ. ಈಟಿಯಂತೆ ಉದ್ದ, ಕುಳಿತವನ ಸೊಂಟದಷ್ಟೇ ಅಗಲ. ಕೂರುವ ಮಣೆ ಗಾಲಿಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ನೋಡುವವರಿಗೆ ತೋಳಿನ ಕೆಲಸವೆಂದು ಕಂಡರೂ ನಿಜವಾದ ಬಲ ಕಾಲಿನದು ಮತ್ತು ಬೆನ್ನಿನದು. ಒಂದು ವಿಚಿತ್ರವೆಂದರೆ, ಸ್ಪರ್ಧಿ ಗುರಿಗೆ ಬೆನ್ನು ಹಾಕಿ ಕುಳಿತಿರುತ್ತಾನೆ. ಮುಟ್ಟಬೇಕಾದ ಗೆರೆ ಅವನಿಗೆ ಕಾಣುವುದಿಲ್ಲ. ಹಿಂದೆ ಬಿಟ್ಟು ಬಂದ ನೀರು ಮಾತ್ರ ಕಾಣುತ್ತದೆ. ಒಲಿಂಪಿಕ್ ಸ್ಪರ್ಧೆಯ ದೂರ 2000 ಮೀಟರ್. ಏಳೆಂಟು ನಿಮಿಷದ ಕೆಲಸ. ಆದರೆ ಅದರ ಕೊನೆಯಲ್ಲಿ ಮನುಷ್ಯನಿಗೆ ಉಸಿರೇ ಉಳಿದಿರುವುದಿಲ್ಲ.

ಮೊದಲನೆಯ ಮಹಾಯುದ್ಧ ಬಂದಾಗ ಕೆಲ್ಲಿ ಸೈನ್ಯ ಸೇರಿದ. ಅಲ್ಲಿ ಮುಷ್ಟಿಯುದ್ಧದಲ್ಲೂ ಹೆಸರು ಮಾಡಿದ. ಹಿಂದಿರುಗಿದ ಮೇಲೆ 1919ರಲ್ಲಿ ಅಣ್ಣಂದಿರಿಂದ ಸಾಲ ಪಡೆದು ಇಟ್ಟಿಗೆ ಕಟ್ಟಡದ ಸ್ವಂತ ಕಂಪನಿ ತೆರೆದ. ಅದೇ ಕಾಲಕ್ಕೆ ನದಿಯ ಮೇಲೆ ಅವನನ್ನು ಸೋಲಿಸುವವರೇ ಇಲ್ಲದಂತಾಯಿತು. ಒಂಟಿ ದೋಣಿಯಲ್ಲಿ ಸತತವಾಗಿ 126 ಸ್ಪರ್ಧೆಗಳನ್ನು ಅವನು ಗೆದ್ದನೆಂಬುದು ಅವನ ಜೀವನಚರಿತ್ರೆಗಳಲ್ಲಿ ಬರುವ ಲೆಕ್ಕ.

ಮುಚ್ಚಿದ ಬಾಗಿಲು

ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ದಡದಲ್ಲಿ ಹೆನ್ಲಿ ಎಂಬ ಊರಿದೆ. ಅಲ್ಲಿ 1839ರಿಂದ ನಡೆದು ಬಂದಿರುವ ದೋಣಿ ಸ್ಪರ್ಧೆಗೆ ರಾಜಮನೆತನದ ಆಶ್ರಯ. ಅಲ್ಲಿನ ಡೈಮಂಡ್ ಸ್ಕಲ್ಸ್ ಎಂಬ ಬಹುಮಾನವನ್ನು ಗೆದ್ದರೆ ಒಂಟಿ ದೋಣಿಯವರಿಗೆ ಲೋಕವನ್ನೇ ಗೆದ್ದ ಹಾಗೆ. 1920ರಲ್ಲಿ ಕೆಲ್ಲಿ ಅದಕ್ಕೆ ಅರ್ಜಿ ಹಾಕಿದ. ದೋಣಿ ಸಿದ್ಧವಾಯಿತು, ಪ್ರಯಾಣದ ಏರ್ಪಾಡೂ ನಡೆಯಿತು. ಅಷ್ಟರಲ್ಲಿ ಅರ್ಜಿಯನ್ನು ತಿರಸ್ಕರಿಸಲಾಗಿದೆ ಎಂಬ ತಂತಿ ಬಂತು.

ಕಾರಣವೇನು? ಇಲ್ಲಿ ನಾವು ನ್ಯಾಯವಾಗಿ ಎರಡು ಮಾತನ್ನೂ ಹೇಳಬೇಕು. ಮೊದಲನೆಯದು ಅವನ ಸಂಘಕ್ಕೆ ಸೇರಿದ್ದು. 1905ರಲ್ಲಿ ವೆಸ್ಪರ್ ಕ್ಲಬ್ಬಿನ ತಂಡ ಹೆನ್ಲಿಗೆ ಬಂದಾಗ ಅದರ ಖರ್ಚಿಗೆ ಸಾರ್ವಜನಿಕರಿಂದ ಹಣ ಎತ್ತಲಾಗಿತ್ತೆಂದು ತಕರಾರು ಎದ್ದಿತ್ತು. ಇನ್ನು ಮುಂದೆ ಆ ಕ್ಲಬ್ಬಿನವರನ್ನು ಸೇರಿಸಬಾರದೆಂದು ಹೆನ್ಲಿಯ ಆಡಳಿತದವರು 1906ರಲ್ಲಿ ನಿರ್ಣಯ ಮಾಡಿದ್ದರು. ಎರಡನೆಯದು ಕೆಲ್ಲಿಗೇ ಸೇರಿದ್ದು. ಕೈಕೆಲಸ ಮಾಡಿ ಹೊಟ್ಟೆ ಹೊರೆದವನು, ಕುಶಲಕರ್ಮಿ ಅಥವಾ ಕೂಲಿಗಾರ ಹವ್ಯಾಸಿ ಎನಿಸಿಕೊಳ್ಳಲಾರ ಎಂಬ ನಿಯಮ ಅಲ್ಲಿತ್ತು. ಕೈಕೆಲಸದವರ ಮೈಗೆ ಹೆಚ್ಚಿನ ಬಲ ಬಂದಿರುತ್ತದೆ, ಕುಳಿತು ತಿನ್ನುವವರೊಡನೆ ಅವರು ಸ್ಪರ್ಧಿಸುವುದು ಅನ್ಯಾಯ ಎಂಬುದು ಹೊರಗೆ ಹೇಳುವ ಸಮರ್ಥನೆ. ಒಳಗಿನ ಭಾವನೆ ಏನೆಂದು ನಿಮಗೆ ಹೇಳಬೇಕೆ? ದುಡಿಯುವವನು ಬೇರೆ, ದೊಡ್ಡ ಮನುಷ್ಯ ಬೇರೆ. ಇಬ್ಬರೂ ಒಂದೇ ನೀರಿಗೆ ಇಳಿಯಬಾರದು!

ಒಂದು ಹೋಲಿಕೆಯನ್ನು ನೆನಪಿಗೆ ತಂದುಕೊಳ್ಳಿ. ನಮ್ಮ ಆಳಂದಕ್ಕೆ ಹತ್ತಿರದಲ್ಲೇ ಇರುವ ಬಸವಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಶರಣರ ನಡುವೆ ಚೌಡಯ್ಯ ಎಂಬ ಅಂಬಿಗನಿಗೂ ಸ್ಥಾನವಿತ್ತು. ಅವನ ಕಾಯಕವೇ ಅವನ ಹೆಸರಿಗೆ ಸೇರಿ ಗೌರವವಾಯಿತು. ಏಳೆಂಟು ಶತಮಾನಗಳ ನಂತರ, ನಾಗರಿಕವೆಂದು ಕರೆಸಿಕೊಂಡ ನಾಡಿನಲ್ಲಿ, ಗೌಂಡಿಯ ಕಾಯಕ ಅವನಿಗೆ ಅಡ್ಡಗೋಡೆಯಾಯಿತು. ನಜರೇತಿನ ಜನರೂ ಯೇಸುಸ್ವಾಮಿಯನ್ನು ಬಡಗಿಯ ಮಗನೆಂದು ಹೇಳಿ ಅಲ್ಲಗಳೆದದ್ದನ್ನು ನಾವು ಶುಭಸಂದೇಶದಲ್ಲಿ ಕೇಳಿದ್ದೇವೆ. ಈ ರೋಗ ಹಳೆಯದು.

ಕಾಲುವೆಯ ನೀರಿನಲ್ಲಿ

ಕೆಲ್ಲಿಗೆ ಆದ ಅವಮಾನ ಚಿಕ್ಕದಲ್ಲ. ಆದರೆ ಅವನು ಮನೆಯಲ್ಲಿ ಮುಖ ಮುಚ್ಚಿಕೊಂಡು ಕೂರಲಿಲ್ಲ. ಆ ವರ್ಷವೇ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಪಟ್ಟಣದಲ್ಲಿ ಒಲಿಂಪಿಕ್ ಕ್ರೀಡಾಕೂಟವಿತ್ತು. ಅಮೆರಿಕದ ತಂಡದಲ್ಲಿ ಅವನು ಸೇರಿದ. ದೋಣಿ ಸ್ಪರ್ಧೆ ನಡೆದದ್ದು ಬ್ರಸೆಲ್ಸ್ ಬಳಿಯ ಒಂದು ಕಾಲುವೆಯಲ್ಲಿ. ಹೆನ್ಲಿಯ ಹಸಿರು ಹುಲ್ಲು, ಬಿಳಿ ಡೇರೆಗಳು ಅಲ್ಲಿರಲಿಲ್ಲ. ದಡದಲ್ಲಿ ಕಾರ್ಖಾನೆಗಳ ಗೋಡೆಗಳಿದ್ದವು. ಗೌಂಡಿಗೆ ಅದು ಪರಿಚಿತ ನೋಟವೇ!

1920ರ ಆಗಸ್ಟ್ 29ರಂದು ಅಂತಿಮ ಸ್ಪರ್ಧೆ. ಕೆಲ್ಲಿಯ ಎದುರಾಳಿ ಇಂಗ್ಲೆಂಡಿನ ಜಾಕ್ ಬೆರೆಸ್‌ಫರ್ಡ್. ಆ ವರ್ಷ ಹೆನ್ಲಿಯಲ್ಲಿ ಡೈಮಂಡ್ ಸ್ಕಲ್ಸ್ ಗೆದ್ದವನು ಇವನೇ. ಅಂದರೆ ಹೆನ್ಲಿಯಲ್ಲಿ ನಡೆಯಬೇಕಾಗಿದ್ದ ಸ್ಪರ್ಧೆ ಇಲ್ಲಿ ನಡೆಯಿತು. ಕೆಲ್ಲಿಗೆ ಆಗ ಮೂವತ್ತು ವರ್ಷ, ಬೆರೆಸ್‌ಫರ್ಡನಿಗೆ ಇಪ್ಪತ್ತೊಂದು. ಕೊನೆಯವರೆಗೂ ಜಿದ್ದಾಜಿದ್ದಿ. ಕೆಲ್ಲಿ ಗೆರೆ ಮುಟ್ಟಿದ್ದು 7 ನಿಮಿಷ 35 ಸೆಕೆಂಡಿಗೆ. ಬೆರೆಸ್‌ಫರ್ಡ್ ಒಂದೇ ಒಂದು ಸೆಕೆಂಡು ಹಿಂದೆ. ಇಬ್ಬರಿಗೂ ಕೈಕುಲುಕುವಷ್ಟು ತ್ರಾಣವೂ ಉಳಿದಿರಲಿಲ್ಲವಂತೆ. ಆದರೂ ಒಂದು ಗಂಟೆಯೊಳಗೆ ಕೆಲ್ಲಿ ಮತ್ತೆ ನೀರಿಗಿಳಿದು, ತನ್ನ ಸೋದರಸಂಬಂಧಿ ಪಾಲ್ ಕಾಸ್ಟೆಲ್ಲೋ ಜೊತೆ ಜೋಡಿ ದೋಣಿಯ ಸ್ಪರ್ಧೆಯಲ್ಲೂ ಚಿನ್ನ ಗೆದ್ದ. 1924ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇದೇ ಜೋಡಿ ಮತ್ತೊಮ್ಮೆ ಗೆದ್ದಿತು. ಹೀಗೆ ಮೂರು ಚಿನ್ನ.

ಗೆದ್ದ ಕೆಲ್ಲಿ ತನ್ನ ಹಸಿರು ಟೊಪ್ಪಿಗೆಯನ್ನು ಇಂಗ್ಲೆಂಡಿನ ದೊರೆಗೆ ಅಂಚೆಯಲ್ಲಿ ಕಳುಹಿಸಿದನೆಂದು ಒಂದು ಕಥೆ ಜನರ ಬಾಯಲ್ಲಿದೆ. ಕಥೆ ಇರಲಿ. ಅದಕ್ಕಿಂತ ದೊಡ್ಡ ಮಾತು ಬೇರೆ ಇದೆ. ಬೆರೆಸ್‌ಫರ್ಡನ ಮೇಲೆ ಅವನು ಹಗೆ ಸಾಧಿಸಲಿಲ್ಲ. ಬಾಗಿಲು ಮುಚ್ಚಿದವರು ಬೇರೆ, ನೀರಿನ ಮೇಲೆ ಎದುರಾದವನು ಬೇರೆ ಎಂಬ ವಿವೇಕ ಅವನಿಗಿತ್ತು. ಇಬ್ಬರೂ ಮುಂದೆ ಸ್ನೇಹಿತರಾದರು. ಒಂದು ಸಂಸ್ಥೆ ಮಾಡಿದ ತಪ್ಪನ್ನು ಆ ಊರಿನ, ಆ ಜಾತಿಯ, ಆ ದೇಶದ ಪ್ರತಿಯೊಬ್ಬನ ತಲೆಗೆ ಕಟ್ಟುವ ನಮಗೆ ಇದರಲ್ಲಿ ಪಾಠವಿಲ್ಲವೆ?

ಮನೆ ಮತ್ತು ಮಕ್ಕಳು

1924ರ ಜನವರಿಯಲ್ಲಿ ಕೆಲ್ಲಿಯ ವಿವಾಹ ಮಾರ್ಗರೆಟ್ ಮೇಯರ್ ಎಂಬಾಕೆಯೊಡನೆ ನಡೆಯಿತು. ಆಕೆ ದೈಹಿಕ ಶಿಕ್ಷಣ ಕಲಿಸುವ ಅಧ್ಯಾಪಕಿ. ಜರ್ಮನ್ ಮೂಲದ ಲೂಥರನ್ ಕುಟುಂಬದವರು. ಕಥೋಲಿಕ ಧರ್ಮಸಭೆಯನ್ನು ಸೇರಿದರು. ನಾಲ್ವರು ಮಕ್ಕಳು: ಪೆಗ್ಗಿ, ತಂದೆಯ ಹೆಸರನ್ನೇ ಹೊತ್ತ ಜಾನ್, ಗ್ರೇಸ್ ಮತ್ತು ಲಿಜಾನ್. ಈಸ್ಟ್ ಫಾಲ್ಸಿನ ಸಂತ ಬ್ರಿಜಿಡರ ದೇವಾಲಯ ಅವರ ಧರ್ಮಕೇಂದ್ರ. ಕಂಪನಿ ಬೆಳೆದು ಕೆಲ್ಲಿ ಶ್ರೀಮಂತನಾದ. ತನ್ನ ಸಂಸಾರಕ್ಕೆಂದು ಇಟ್ಟಿಗೆಯ ದೊಡ್ಡ ಮನೆ ಕಟ್ಟಿಸಿದ. 1935ರಲ್ಲಿ ಫಿಲಡೆಲ್ಫಿಯಾದ ಮೇಯರ್ ಸ್ಥಾನಕ್ಕೆ ನಿಂತು ಸೋತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಧ್ಯಕ್ಷ ರೂಸ್‌ವೆಲ್ಟರು ಜನರ ದೇಹದಾರ್ಢ್ಯದ ಕಾರ್ಯಕ್ರಮದ ಹೊಣೆಯನ್ನು ಅವನಿಗೆ ವಹಿಸಿದರು.

ಪ್ರಿಯರೇ, ಇಲ್ಲಿಯವರೆಗೆ ಕಥೆ ಗೆಲುವಿನದು. ಇಲ್ಲಿಂದ ಮುಂದಿನದನ್ನು ತಂದೆತಾಯಿಗಳಾದ ನೀವು ಸ್ವಲ್ಪ ನಿಧಾನವಾಗಿ ಓದಬೇಕು.

ಮಗ ಜಾನ್ ಹುಟ್ಟಿದ್ದು 1927ರಲ್ಲಿ. ಮನೆಯವರು ಕರೆಯುತ್ತಿದ್ದುದು ಕೆಲ್ ಎಂದು. ಹೆನ್ಲಿಯ ಗಾಯ ತಂದೆಯ ಮನಸ್ಸಿನಲ್ಲಿ ಮಾಯ್ದಿರಲಿಲ್ಲ. ತನಗೆ ತೆರೆಯದ ಬಾಗಿಲನ್ನು ಮಗ ತೆರೆಯಬೇಕು ಎಂಬ ಛಲ. ಎಳೆಯ ವಯಸ್ಸಿನಲ್ಲೇ ಹುಡುಗನನ್ನು ದೋಣಿಯಲ್ಲಿ ಕೂರಿಸಲಾಯಿತು. ತರಬೇತಿ ತಂದೆಯದೇ. ಉಳಿದ ಹುಡುಗರ ಬಿಡುವಿನ ಹೊತ್ತು ಇವನಿಗೆ ನದಿಯ ಹೊತ್ತು. 1946ರಲ್ಲಿ ಕೆಲ್ ಹೆನ್ಲಿಗೆ ಹೋಗಿ ಅಂತಿಮ ಸ್ಪರ್ಧೆಯಲ್ಲಿ ಸೋತ. 1947ರಲ್ಲಿ ಮತ್ತೆ ಹೋಗಿ ಡೈಮಂಡ್ ಸ್ಕಲ್ಸ್ ಗೆದ್ದ. ದಡದಲ್ಲಿ ತಂದೆ ನಿಂತಿದ್ದ. ಇಪ್ಪತ್ತೇಳು ವರ್ಷಗಳ ಹಿಂದೆ ಕಾಲಿಡಲು ಬಿಡದ ಜಾಗದಲ್ಲಿ ಅದೇ ಹೆಸರಿನ ಮಗ ಗೆದ್ದ! 1949ರಲ್ಲಿ ಇನ್ನೊಮ್ಮೆ ಗೆದ್ದ.

ಯಾರ ಕಣ್ಣಲ್ಲಾದರೂ ನೀರು ತರಿಸುವ ಸನ್ನಿವೇಶ ಅದು. ಆದರೆ ಮಗನ ಕಡೆಯಿಂದ ನೋಡಿರಿ. ಅವನು ಹುಟ್ಟುವುದಕ್ಕೆ ಏಳು ವರ್ಷ ಮುಂಚೆ ಆದ ಅವಮಾನದ ಸಾಲವನ್ನು ಅವನು ತೀರಿಸಬೇಕಾಯಿತು. ಹೆನ್ಲಿಯಲ್ಲಿ ತೀರಿದ ಮೇಲೂ ತಂದೆಯ ಒಲಿಂಪಿಕ್ ಚಿನ್ನ ಅವನ ಕಣ್ಣೆದುರು ಇದ್ದೇ ಇತ್ತು. 1948, 1952, 1956, 1960, ಹೀಗೆ ನಾಲ್ಕು ಒಲಿಂಪಿಕ್ಸ್‌ಗಳಿಗೆ ಅವನು ಹೋದ. ದೊರೆತದ್ದು 1956ರಲ್ಲಿ ಮೆಲ್ಬರ್ನಿನಲ್ಲಿ ಒಂದು ಕಂಚು. ಕಂಚು ಕಡಿಮೆಯೇನಲ್ಲ; ಕೋಟ್ಯಂತರ ಜನರಲ್ಲಿ ಒಬ್ಬನಿಗೆ ಸಿಗುವಂಥದ್ದು. ಆದರೆ ಮೂರು ಚಿನ್ನ ಇರುವ ಮನೆಯಲ್ಲಿ ಕಂಚಿನ ಬೆಲೆ ಎಷ್ಟೆಂದು ನೀವೇ ಊಹಿಸಿರಿ.

ಮಗಳು ಗ್ರೇಸಳದು ಬೇರೆ ಕಥೆ. ಆಟದ ಮನೆಯಲ್ಲಿ ಅವಳು ಮೌನದ ಹುಡುಗಿ. ತಂದೆಯ ಮೆಚ್ಚುಗೆ ಹಿರಿಯ ಮಗಳು ಪೆಗ್ಗಿಯ ಮೇಲೆ ಮತ್ತು ಮಗನ ಮೇಲೆ. ಗ್ರೇಸ್ ನಟಿಯಾಗುತ್ತೇನೆಂದಾಗ ತಂದೆ ಅದನ್ನು ದೊಡ್ಡ ವಿಷಯವೆಂದು ತಿಳಿಯಲಿಲ್ಲ. 1955ರಲ್ಲಿ ಅವಳು ಶ್ರೇಷ್ಠ ನಟಿಯಾಗಿ ಆಸ್ಕರ್ ಪ್ರಶಸ್ತಿ ಪಡೆದಳು. ಮುಂದೆ ಬರುವವಳು ಇವಳೆಂದು ತಾನು ಎಣಿಸಿರಲಿಲ್ಲ ಎಂಬ ಆಶ್ಚರ್ಯವನ್ನು ತಂದೆ ಮುಚ್ಚಿಡಲಿಲ್ಲ. 1956ರ ಏಪ್ರಿಲ್ 19ರಂದು ಮೊನಾಕೊದ ಕಥೋಲಿಕ ಪ್ರಧಾನಾಲಯದಲ್ಲಿ ಅರಸ ಮೂರನೆಯ ರೇನಿಯೇರನೊಡನೆ ಅವಳ ಮದುವೆಯಾಯಿತು. ಗೌಂಡಿಯ ಮಗಳು ಒಂದು ರಾಜ್ಯದ ರಾಣಿಯಂತಾದಳು. ಎದುರಿಗೇ ಇದ್ದ ಮಗುವನ್ನು ತಂದೆ ತಡವಾಗಿ ಕಂಡ.

ದೋಣಿ ನಡೆಸುವವನು ಗುರಿಗೆ ಬೆನ್ನು ಹಾಕಿ ಕುಳಿತಿರುತ್ತಾನೆ ಎಂದೆನಲ್ಲ, ಅದು ನೀರಿನ ಮೇಲೆ ಸರಿ. ಮನೆಯಲ್ಲಿ ಹಾಗೆ ಕುಳಿತರೆ ಹಿಂದಿನ ಗಾಯ ಮಾತ್ರ ಕಾಣುತ್ತದೆ, ಮುಂದಿರುವ ಮಕ್ಕಳು ಕಾಣುವುದಿಲ್ಲ.

ಕೊನೆಯ ದಿನಗಳು, ಆಮೇಲಿನ ದಿನಗಳು

1960ರ ಜೂನ್ 20ರಂದು ಜಾಕ್ ಕೆಲ್ಲಿ ಕ್ಯಾನ್ಸರ್ ರೋಗದಿಂದ ತೀರಿಕೊಂಡ. ವಯಸ್ಸು ಎಪ್ಪತ್ತು. ವಕೀಲರ ಭಾಷೆ ಬಿಟ್ಟು ತನ್ನದೇ ಸರಳ ಮಾತಿನಲ್ಲಿ, ನಗೆ ಬೆರೆಸಿ ಬರೆದಿದ್ದ ಅವನ ಮರಣಶಾಸನ ಅಮೆರಿಕದಲ್ಲೆಲ್ಲ ಸುದ್ದಿಯಾಯಿತು. ಮಕ್ಕಳಿಗೆ ಆಸ್ತಿ ಕೊಡುವುದೋ ಶೀಲ ಕೊಡುವುದೋ ಎಂದು ಆರಿಸಬೇಕಾದರೆ ಶೀಲವನ್ನೇ ಕೊಡುತ್ತೇನೆ ಎಂಬ ಅರ್ಥದ ಮಾತು ಅದರಲ್ಲಿತ್ತು. ಅವನು ಸತ್ತ ಕೆಲವೇ ವಾರಗಳಿಗೆ ಕೆಲ್ ತನ್ನ ನಾಲ್ಕನೆಯ ಒಲಿಂಪಿಕ್ಸ್‌ಗಾಗಿ ರೋಮಿಗೆ ಹೋದ. ದಡದಲ್ಲಿ ಈ ಸಲ ತಂದೆ ಇರಲಿಲ್ಲ. ಮುಂದೆ ಕೆಲ್ ಅಮೆರಿಕದ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾದ. ಆದ ಕೆಲವೇ ವಾರಗಳಲ್ಲಿ, 1985ರ ಮಾರ್ಚ್ 2ರಂದು, ಐವತ್ತೇಳನೆಯ ವಯಸ್ಸಿನಲ್ಲಿ ಹಠಾತ್ತನೆ ಮರಣ ಹೊಂದಿದ. ಸ್ಕೂಕಿಲ್ ನದಿಯ ದಡದ ರಸ್ತೆಗೆ ಅವನ ಹೆಸರಿಟ್ಟರು. ಅದೇ ದಡದಲ್ಲಿ ತಂದೆ ದೋಣಿ ನಡೆಸುತ್ತಿರುವ ಪ್ರತಿಮೆ 1965ರಿಂದ ಇದೆ.

ಆ ಹೆನ್ಲಿಯ ನಿಯಮ ಏನಾಯಿತೆಂದು ಕೇಳುವಿರಾ? ಅದರಿಂದ ನೊಂದವನು ಕೆಲ್ಲಿ ಒಬ್ಬನೇ ಅಲ್ಲ. ಆಸ್ಟ್ರೇಲಿಯದ ಬಾಬಿ ಪಿಯರ್ಸ್ 1928ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. ಬಡಗಿಯೆಂಬ ಕಾರಣಕ್ಕೆ ಅವನಿಗೂ ಡೈಮಂಡ್ ಸ್ಕಲ್ಸ್ ನಿರಾಕರಿಸಿದ್ದರು. ಅವನು ಮಾರಾಟದ ನೌಕರಿಗೆ ಸೇರಿದ ಮೇಲೆ 1931ರಲ್ಲಿ ಅದೇ ಸ್ಪರ್ಧೆಗೆ ಸೇರಿಸಿಕೊಂಡರು, ಅವನು ಗೆದ್ದ. ಮನುಷ್ಯ ಅವನೇ, ತೋಳು ಅವೇ. ಕೆಲಸದ ಹೆಸರು ಮಾತ್ರ ಬೇರೆ! 1936ರಲ್ಲಿ ಆಸ್ಟ್ರೇಲಿಯದ ಪೊಲೀಸರ ತಂಡವನ್ನೂ ಹೊರಗಿಟ್ಟರು. ಟೀಕೆ ಹೆಚ್ಚಿತು. ಕೊನೆಗೆ 1937ರಲ್ಲಿ ಕೈಕೆಲಸದವರ ವಿರುದ್ಧದ ಆ ಮಾತನ್ನು ನಿಯಮದಿಂದ ತೆಗೆದುಹಾಕಿದರು. 1981ರಲ್ಲಿ ಗ್ರೇಸಳನ್ನೇ ಹೆನ್ಲಿಗೆ ಕರೆದು ಅವಳ ಕೈಯಿಂದ ಬಹುಮಾನ ಹಂಚಿಸಿದರು. ಮರುವರ್ಷ ಅವಳು ತೀರಿಕೊಂಡಳು. 2003ರಿಂದ ಅಲ್ಲಿ ಮಹಿಳೆಯರ ಒಂದು ಸ್ಪರ್ಧೆಯ ಬಟ್ಟಲಿಗೆ ಪ್ರಿನ್ಸೆಸ್ ಗ್ರೇಸ್ ಎಂಬ ಹೆಸರಿದೆ. ಗೌಂಡಿಯನ್ನು ಹೊರಗಿಟ್ಟ ಊರು ಗೌಂಡಿಯ ಮಗಳ ಹೆಸರನ್ನು ಬೆಳ್ಳಿಯ ಮೇಲೆ ಬರೆಸಿತು.

ನಮ್ಮ ಮನೆಗಳಿಗೆ

ಓದುಗರೇ, ಕೆಲ್ಲಿ ಒಂದೂವರೆ ವರ್ಷದ ಕೂಸಾಗಿದ್ದಾಗ, 1891ರಲ್ಲಿ, ಹದಿಮೂರನೆಯ ಲಿಯೋ ಜಗದ್ಗುರುಗಳು ಕಾರ್ಮಿಕರ ಹಕ್ಕಿನ ಕುರಿತು ವಿಶ್ವಪತ್ರ ಬರೆದರು. 1955ರಲ್ಲಿ ಹನ್ನೆರಡನೆಯ ಭಕ್ತಿನಾಥ ಜಗದ್ಗುರುಗಳು ಮೇ 1ನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವಾಗಿ ನೇಮಿಸಿದರು. ಎರಡನೆಯ ಜಾನ್ ಪೌಲರು 1981ರಲ್ಲಿ ಮನುಷ್ಯನ ದುಡಿಮೆಯನ್ನು ಕುರಿತೇ ಒಂದು ವಿಶ್ವಪತ್ರ ಬರೆದರು. ಇವೆಲ್ಲದರ ತಿರುಳು ಒಂದೇ. ದುಡಿಮೆಗೆ ಬೆಲೆ ಬರುವುದು ಅದನ್ನು ಮಾಡುವ ಮನುಷ್ಯನಿಂದ. ಕೆಲಸದ ಜಾತಿಯಿಂದ ಮನುಷ್ಯನ ಬೆಲೆ ಇಳಿಯುವುದಿಲ್ಲ.

ಆದರೆ ಇದು ಪತ್ರಗಳಲ್ಲಿ ಉಳಿದರೆ ಸಾಲದು. ಶಾಲೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಜಾಗ ಬಂದಾಗ ಗೌಂಡಿ ಎಂದು, ಕೂಲಿ ಎಂದು ಬರೆಯಲು ನಮ್ಮ ಮಕ್ಕಳ ಕೈ ನಡುಗುತ್ತದೆ. ಆ ನಡುಕ ಅವರಿಗೆ ಎಲ್ಲಿಂದ ಬಂತು? ಮನೆಗೆ ಬಂದ ಕೆಲಸದವರಿಗೆ ಬೇರೆ ಲೋಟದಲ್ಲಿ ಚಹ ಕೊಡುವುದನ್ನು, ಮದುವೆಯ ಪಂಕ್ತಿಯಲ್ಲಿ ಅವರನ್ನು ಕೊನೆಗೆ ಕೂರಿಸುವುದನ್ನು ಮಕ್ಕಳು ನೋಡುತ್ತಾರೆ. ಹೆನ್ಲಿಯ ನಿಯಮ ಅಲ್ಲಿ 1937ರಲ್ಲಿ ಹೋಯಿತು. ನಮ್ಮ ಅಂಗಳದಲ್ಲಿ ಅದು ಇನ್ನೂ ಇದೆಯೇ ಎಂದು ಪ್ರತಿ ಮನೆಯೂ ತನ್ನನ್ನು ಕೇಳಿಕೊಳ್ಳಲಿ.

ಇನ್ನೊಂದು ಮಾತು, ಮೈಮುರಿದು ದುಡಿದು ಮಕ್ಕಳನ್ನು ಓದಿಸುತ್ತಿರುವ ತಂದೆತಾಯಿಗಳಿಗೆ. ನಿಮಗಾದ ನೋವನ್ನು ಮಕ್ಕಳಿಗೆ ಹೇಳಿರಿ, ಬಚ್ಚಿಡಬೇಡಿ. ಆದರೆ ಅದನ್ನು ಸಾಲವಾಗಿ ಅವರ ಹೆಗಲಿಗೆ ಹೊರಿಸಬೇಡಿ. ನಿಮಗೆ ಸಿಗದ ನೌಕರಿಯನ್ನು, ನೀವು ಪಾಸಾಗದ ಪರೀಕ್ಷೆಯನ್ನು, ನಿಮಗಾದ ಅಪಮಾನದ ಸೇಡನ್ನು ಅವರು ತೀರಿಸಬೇಕಾಗಿಲ್ಲ. ಅವರಿಗೆ ದೇವರು ಕೊಟ್ಟ ಹೊಳೆ ಬೇರೆ ಇದ್ದೀತು. ಕಂಚು ತಂದ ಮಗುವಿಗೂ ಮನೆಯಲ್ಲಿ ಸಂತೋಷದ ಮುಖ ಕಾಣಲಿ. ಮೂಲೆಯಲ್ಲಿ ಮೌನವಾಗಿರುವ ಮಗುವಿನ ಹತ್ತಿರ ಇಂದು ರಾತ್ರಿ ಊಟವಾದ ಮೇಲೆ ಐದು ನಿಮಿಷ ಕುಳಿತು ಮಾತನಾಡಿರಿ.

ಇಟ್ಟಿಗೆ ಕಟ್ಟಿದ ಕೈ ಕೀಳಲ್ಲವೆಂದು ಜಾಕ್ ಕೆಲ್ಲಿ ಲೋಕಕ್ಕೆ ತೋರಿಸಿದ. ಆ ಕೈಯನ್ನು ಮಕ್ಕಳ ಹೆಗಲ ಮೇಲೆ ಹಗುರವಾಗಿ ಇಡುವುದನ್ನು ನಾವು ಕಲಿಯೋಣ.